ಮೈಲೇಜ್ ಕುಸಿದ ಕಾರು ಮತ್ತು ದಾವಣಗೆರೆಯ ಒಂದು ಗ್ಯಾರೇಜು

ದಾವಣಗೆರೆಯಲ್ಲಿ ಕಾರು ರಿಪೇರಿ ಮಾಡುವ ಜಾಗಗಳಿಗೆ ಬರವಿಲ್ಲ. ಪಿ.ಬಿ. ರಸ್ತೆಯ ಉದ್ದಕ್ಕೂ, ಹದಡಿ ರಸ್ತೆಯ ಒಳಗಲ್ಲಿಗಳಲ್ಲೂ ಕ್ಲಚ್ ಪ್ಲೇಟ್ ಹಾಕುವವರು, ಎಸಿ ಗ್ಯಾಸ್ ತುಂಬುವವರು, ಡೆಂಟಿಂಗ್ ಪೇಂಟಿಂಗ್ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕಾರು ಚೆನ್ನಾಗಿಯೇ ಓಡುತ್ತಿದೆ, ಸದ್ದಿಲ್ಲ, ಹೊಗೆಯಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತಿಲ್ಲ, ಪೆಟ್ರೋಲ್ ಮಾತ್ರ ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆ ಎಂಬ ದೂರನ್ನು ಹೊತ್ತು ಹೋದರೆ ಅದನ್ನು ಕೂತು ಕೇಳುವವರು ಕಡಿಮೆ. ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಒಂದು, ‘ಇ20 ಪೆಟ್ರೋಲ್ ಸಾರ್, ಎಲ್ಲರದ್ದೂ ಹಿಂಗೇ ಆಗೈತಿ’ ಎಂದು, ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲಿನ ಮೇಲೆ ಹಾಕುವ ಸಮಾಧಾನ. ಇನ್ನೊಂದು, ಪ್ಲಗ್, ಏರ್ ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಂದು ಸಾಲಾಗಿ ಬರೆದ ಎಸ್ಟಿಮೇಟು. ಹರಿಹರದ ದಿಕ್ಕಿನಲ್ಲಿ, ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಕ್ಕಿರುವ, ಎರಡು ಕಾರು ನಿಲ್ಲುವಷ್ಟೇ ಜಾಗವಿರುವ ಒಂದು ಗ್ಯಾರೇಜು ಈ ಎರಡೂ ದಾರಿಗಳನ್ನು ಬಿಟ್ಟು ಮೂರನೆಯದೊಂದನ್ನು ಹಿಡಿದಿದೆ. ಅದರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಈಗಿರುವ ಕೆಲಸಕ್ಕೇ ಕೈ ಸಾಲದೆಂದು ಅಲ್ಲಿಯ ಮೇಸ್ತ್ರಿಗಳೇ ಬೇಡವೆಂದಿದ್ದಾರೆ. ಆದರೆ ಅವರು ಕೆಲಸ ಮಾಡುವ ಕ್ರಮವನ್ನು ವಿವರವಾಗಿ ಬರೆದರೆ, ಬೇರೆ ಗ್ಯಾರೇಜಿಗೆ ಹೋಗುವವರಿಗೂ ಏನನ್ನು ಕೇಳಬೇಕೆಂಬುದು ತಿಳಿಯುತ್ತದೆ.

ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ, ಹೊಗೆ ನಿಯಂತ್ರಣದ ಹಿಂದಿನ ನಿಯಮವಾದ ಬಿಎಸ್ 4ರ ಕಾಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರೊಳಗಿನ ಓಡಾಟ, ವಾರಕ್ಕೊಮ್ಮೆ ಚಿತ್ರದುರ್ಗದ ಪ್ರಯಾಣ ಎರಡೂ ಸೇರಿ ಲೀಟರಿಗೆ 18 ಕಿಲೋಮೀಟರಿನ ಆಸುಪಾಸಿನಲ್ಲಿ ಕೊಡುತ್ತಿತ್ತು. ಒಂದು ಬೇಸಿಗೆಯ ನಂತರ ಅದು ನಿಧಾನವಾಗಿ ಇಳಿದು 13ಕ್ಕೆ ಬಂದು ನಿಂತಿತು. ಮೊದಲು ಹೋದ ವರ್ಕ್‌ಶಾಪಿನಲ್ಲಿ ಪ್ಲಗ್ ಬದಲಾದವು, ಏರ್ ಫಿಲ್ಟರ್ ಬದಲಾಯಿತು, ಥ್ರಾಟಲ್ ಬಾಡಿ ತೊಳೆದರು, ಇಂಜೆಕ್ಟರುಗಳಿಗೆ ಕ್ಲೀನಿಂಗ್ ಆಯಿತು. ಬಿಲ್ಲಿನ ಉದ್ದ ಬೆಳೆಯಿತೇ ಹೊರತು ಮೈಲೇಜ್ ಅಲ್ಲಾಡಲಿಲ್ಲ. ಮುಂದಿನ ಹೆಜ್ಜೆಯಾಗಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸೋಣ ಎಂಬ ಸಲಹೆ ಬಂದಾಗ, ಅದು ಕೆಟ್ಟಿದೆ ಎಂಬುದಕ್ಕೆ ಏನು ಆಧಾರವೆಂದು ಕೇಳಿದರೆ ‘ಬದಲಿಸಿ ನೋಡಿದರೆ ಗೊತ್ತಾಗುತ್ತದೆ’ ಎಂಬ ಉತ್ತರ ಸಿಕ್ಕಿತು. ಆ ಮಾತಿನ ನಂತರವೇ ಗೆಳೆಯರೊಬ್ಬರು ಈ ಗ್ಯಾರೇಜಿನ ದಾರಿ ತೋರಿಸಿದ್ದು.

ಇಲ್ಲಿ ಕಾರು ಒಳಗೆ ಬಂದ ಕೂಡಲೇ ಬಾನೆಟ್ ಎತ್ತುವುದಿಲ್ಲ. ಚೆಕಿಂಗ್ ಎಂದು ಪ್ರತ್ಯೇಕವಾಗಿ 600 ರೂಪಾಯಿ ತೆಗೆದುಕೊಳ್ಳುತ್ತಾರೆ, ಮತ್ತು ದೋಷ ಸಿಕ್ಕರೂ ಸಿಗದಿದ್ದರೂ ಆ ಹಣ ಕೊಡಬೇಕೆಂದು ಮೊದಲೇ ಹೇಳುತ್ತಾರೆ. ಕೆಲವರಿಗೆ ಇದು ಒರಟೆನಿಸಬಹುದು. ನನ್ನ ದೃಷ್ಟಿಯಲ್ಲಿ ಇಡೀ ಗ್ಯಾರೇಜಿನ ಗುಟ್ಟು ಇರುವುದೇ ಅಲ್ಲಿ: ಹುಡುಕುವ ಕೆಲಸಕ್ಕೇ ಸಂಬಳ ಸಿಗುವುದರಿಂದ, ಬಿಡಿಭಾಗ ಮಾರಿ ಹೊಟ್ಟೆ ಹೊರೆಯುವ ಒತ್ತಡ ಅವರಿಗಿಲ್ಲ. ಮೇಸ್ತ್ರಿಗಳು ಕೇಳಿದ ಮೊದಲ ಪ್ರಶ್ನೆ, ‘ಎವರೇಜ್ ಹೆಂಗ್ ಲೆಕ್ಕ ಹಾಕಿದ್ರಿ ಸಾರ್?’ ಎಂಬುದು. ಡಿಸ್‌ಪ್ಲೇಯಲ್ಲಿ ಕಾಣುವ ಅಂಕಿಯನ್ನು ಹೇಳಿದರೆ ಅವರು ಒಪ್ಪುವುದಿಲ್ಲ. ಆ ಅಂಕಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಸಮಯದಿಂದ ಅಂದಾಜಿಸಿದ್ದು. ಅನೇಕ ಕಾರುಗಳಲ್ಲಿ ಅದು ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ.

ಅವರು ಒಪ್ಪುವುದು ಟ್ಯಾಂಕಿನಿಂದ ಟ್ಯಾಂಕಿಗೆ ಹಾಕಿದ ಲೆಕ್ಕವನ್ನು ಮಾತ್ರ. ಒಂದೇ ಬಂಕು, ಆದಷ್ಟು ಅದೇ ಪಂಪು, ನಳಿಕೆ ತಾನಾಗಿ ಆಟೋ ಕಟ್ ಆಗುವವರೆಗೆ ಭರ್ತಿ, ಆಮೇಲೆ ಒಂದು ಹನಿಯನ್ನೂ ಸೇರಿಸಬಾರದು. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಟ್ಯಾಂಕು ಬಹುಪಾಲು ಖಾಲಿಯಾಗುವವರೆಗೆ ಓಡಿಸಿ, ಮತ್ತೆ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೆಯ ಬಿಲ್ಲಿನ ಲೀಟರಿನಿಂದ ಭಾಗಿಸಬೇಕು. 500 ರೂಪಾಯಿಗೆ ಪೆಟ್ರೋಲ್ ಹಾಕಿಸಿ ಲೆಕ್ಕ ಹಾಕುವವರನ್ನು ಕಂಡರೆ ಮೇಸ್ತ್ರಿಗಳಿಗೆ ಆಗುವುದಿಲ್ಲ, ಮತ್ತು ಅದಕ್ಕೆ ಕಾರಣವಿದೆ. ಆಟೋ ಕಟ್ ಪ್ರತಿಸಲವೂ ಒಂದೇ ಮಟ್ಟದಲ್ಲಿ ಆಗುವುದಿಲ್ಲ. ಕಾರು ಸ್ವಲ್ಪ ವಾಲಿ ನಿಂತಿದ್ದರೂ, ನಳಿಕೆಯಲ್ಲಿ ನೊರೆ ಬಂದರೂ ಅರ್ಧ ಲೀಟರ್ ಆಚೀಚೆ ಆಗುತ್ತದೆ. 5 ಲೀಟರ್ ತುಂಬಿಸಿ ಲೆಕ್ಕ ಹಾಕಿದಾಗ ಆ ಅರ್ಧ ಲೀಟರು ಶೇಕಡಾ 10ರ ತಪ್ಪು. 25 ಲೀಟರಿನ ಲೆಕ್ಕದಲ್ಲಿ ಅದೇ ಶೇಕಡಾ 2. ಮೈಲೇಜ್ ಬಿದ್ದಿದೆ ಎಂದು ಬರುವವರಲ್ಲಿ ಒಂದಷ್ಟು ಜನರ ಕಾಯಿಲೆ ಇಲ್ಲಿಯೇ ವಾಸಿಯಾಗುತ್ತದೆ ಎಂದು ಅವರು ನಗುತ್ತಾ ಹೇಳಿದರು. ನನ್ನ ಬಳಿ ಬಂಕಿನ ಬಿಲ್ಲುಗಳು ಇದ್ದುದರಿಂದ ಆ ಪರೀಕ್ಷೆಯಲ್ಲಿ ಪಾಸಾದೆ.

ನಾನು ಅಲ್ಲಿ ಕಾಯುತ್ತಿದ್ದಾಗ ಹರಿಹರದಿಂದ ಬಂದಿದ್ದ ಒಂದು ಕಾರಿನ ಪ್ರಕರಣ ಇನ್ನೂ ಸೊಗಸಾಗಿತ್ತು. ಆ ಯಜಮಾನರು ಹಳೆಯ 155/65 ಆರ್14 ಟಯರುಗಳನ್ನು ತೆಗೆಸಿ, ಕಾರು ಗಟ್ಟಿಯಾಗಿ ನಿಲ್ಲಲೆಂದು ಅವಕ್ಕಿಂತ ಅಗಲವಾದ 175/65 ಆರ್14 ಹಾಕಿಸಿಕೊಂಡಿದ್ದರು. ಅಂದಿನಿಂದ ಮೈಲೇಜ್ ಇಳಿದಿದೆ ಎಂಬುದು ಅವರ ದೂರು. ಮೇಸ್ತ್ರಿಗಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಹಳೆಯ ಚಕ್ರದ ವ್ಯಾಸ ಸುಮಾರು 557 ಮಿಲಿಮೀಟರ್, ಹೊಸದರದು ಸುಮಾರು 583. ಚಕ್ರ ಒಂದು ಸುತ್ತು ತಿರುಗಿದಾಗ ಕಾರು ಈಗ ಮೊದಲಿಗಿಂತ ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರಿಗೆ ಅದು ಗೊತ್ತಿಲ್ಲ. ಅದು ಸುತ್ತುಗಳನ್ನಷ್ಟೇ ಎಣಿಸುತ್ತದೆ. ಹೀಗಾಗಿ ನಿಜವಾಗಿ 100 ಕಿಲೋಮೀಟರ್ ಓಡಿದರೆ ಮೀಟರಿನಲ್ಲಿ ಬೀಳುವುದು 95ರ ಮೇಲೆ ಸ್ವಲ್ಪ. ಲೀಟರಿಗೆ 18 ಕೊಡುತ್ತಿದ್ದ ಕಾರು ಏನೂ ಆಗದಿದ್ದರೂ 17ರ ಹತ್ತಿರ ತೋರಿಸುತ್ತದೆ. ಅಗಲವಾದ, ಭಾರವಾದ ಟಯರಿನಿಂದ ನಿಜವಾಗಿಯೂ ಒಂದಿಷ್ಟು ನಷ್ಟ ಉಂಟು, ಆದರೆ ಆ ಯಜಮಾನರ ದುಃಖದ ಬಹುಭಾಗ ಮೀಟರಿನದು. ಅವರಿಂದ ಚೆಕಿಂಗ್ ಹಣವನ್ನಷ್ಟೇ ತೆಗೆದುಕೊಂಡು ಕಳಿಸಿದರು. ಬೇರೆ ಯಾವ ಗ್ಯಾರೇಜಿನಲ್ಲಾದರೂ ಅವರ ಕಾರಿನ ಪ್ಲಗ್ಗುಗಳು ಅಂದು ಉಳಿಯುತ್ತಿರಲಿಲ್ಲ.

ಇ20ರ ವಿಷಯದಲ್ಲಿ ಅವರ ನಿಲುವು ನನಗೆ ಬಹಳ ಹಿಡಿಸಿತು, ಏಕೆಂದರೆ ಅವರು ಅದನ್ನು ತಳ್ಳಿಹಾಕುವುದೂ ಇಲ್ಲ, ಎಲ್ಲ ಪಾಪವನ್ನೂ ಅದರ ತಲೆಗೆ ಕಟ್ಟುವುದೂ ಇಲ್ಲ. ಎಥೆನಾಲ್ ನಮ್ಮ ಜಿಲ್ಲೆಗೆ ಹೊಸ ಮಾತಲ್ಲ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲೇ ಅದು ತಯಾರಾಗುತ್ತದೆ, ಮೆಕ್ಕೆಜೋಳ ಬೆಳೆಯುವ ನಮ್ಮ ರೈತರಿಗೂ ಅದರ ದರದ ಸುದ್ದಿ ಗೊತ್ತು. ದೇಶದಲ್ಲಿ 2022ರ ಜೂನ್ ಹೊತ್ತಿಗೆ ಶೇಕಡಾ 10ರ ಮಿಶ್ರಣದ ಗುರಿ ತಲುಪಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆಯಾಯಿತು, 2025ರಲ್ಲಿ ಅದೇ ಎಲ್ಲ ಬಂಕುಗಳ ಸಾಮಾನ್ಯ ಪೆಟ್ರೋಲ್ ಎಂಬಂತಾಯಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗವು 2021ರಲ್ಲಿ ಹೊರತಂದ ಎಥೆನಾಲ್ ಮಿಶ್ರಣದ ಮಾರ್ಗಸೂಚಿಯಲ್ಲಿಯೇ, ಹಳೆಯ ವಿನ್ಯಾಸದ, ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಶೇಕಡಾ 6ರಿಂದ 7ರಷ್ಟು ಇಳಿಕೆಯಾಗಬಹುದೆಂದೂ, ಇ20ಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ಅದು ಶೇಕಡಾ 1ರಿಂದ 2 ಮಾತ್ರವೆಂದೂ ಅಂದಾಜಿದೆ. ಈಗ ನನ್ನ ಕಾರಿನ ಲೆಕ್ಕ ನೋಡಿ. 18ರಲ್ಲಿ ಶೇಕಡಾ 7 ಎಂದರೆ ಒಂದೂಕಾಲು ಕಿಲೋಮೀಟರ್. ಕಳೆದುಹೋಗಿರುವುದು 5 ಕಿಲೋಮೀಟರ್. ‘ಒಂದೂಕಾಲು ಸರ್ಕಾರದ್ದು ಅಂತ ಬಿಟ್ಬಿಡ್ರಿ, ಉಳಿದಿದ್ದು ಎಲ್ಲಿ ಹೋತು ಅಂತ ಕಾರನ್ನ ಕೇಳ್ಬೇಕು’ ಎಂದರು ಮೇಸ್ತ್ರಿಗಳು.

ಕೇಳುವ ಕೆಲಸ ಚಕ್ರಗಳಿಂದ ಆರಂಭವಾಯಿತು. ಗಾಳಿ ಪರೀಕ್ಷಿಸಿದರು, ಎರಡು ಚಕ್ರಗಳಲ್ಲಿ ಕಂಪನಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯಿತ್ತು, ಆದರೆ 5 ಕಿಲೋಮೀಟರ್ ನುಂಗುವಷ್ಟಲ್ಲ. ಬಳಿಕ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದೊಂದೇ ಮೂಲೆಯನ್ನು ಜ್ಯಾಕಿನಿಂದ ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿದರು. ಹಿಂದಿನ ಎರಡೂ ಚಕ್ರಗಳು ಸರಾಗವಾಗಿ ಸುತ್ತಿದವು. ಬಲಗಡೆಯ ಮುಂದಿನ ಚಕ್ರ ಗೇರ್‌ಬಾಕ್ಸಿನ ಸ್ವಲ್ಪ ಬಿಗಿಯೊಂದಿಗೆ ತಿರುಗಿತು. ಎಡಗಡೆಯ ಮುಂದಿನದು ಕೈ ಬಿಟ್ಟ ಕೂಡಲೇ ಸರ್ರನೆ ಉಜ್ಜಿ ನಿಂತುಬಿಟ್ಟಿತು. ಬ್ರೇಕ್ ಹಿಡಿದುಕೊಂಡಿತ್ತು. ಚಕ್ರ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಡಿಸ್ಕಿನ ಒಳಬದಿಯ ಪ್ಯಾಡು ತಗಡು ಕಾಣುವಷ್ಟು ಸವೆದಿತ್ತು, ಹೊರಬದಿಯದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಿ ಹಿಂದೆ ಮುಂದೆ ಆಡಬೇಕಾದ ಪಿನ್ನಿನ ಗ್ರೀಸು ಒಣಗಿ ಕಪ್ಪು ಅಂಟಾಗಿ, ರಬ್ಬರ್ ಬೂಟು ಹರಿದು ಒಳಗೆ ನೀರಿಳಿದು, ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪೆಡಲಿನಿಂದ ಕಾಲು ತೆಗೆದ ಮೇಲೂ ಆ ಪ್ಯಾಡು ಡಿಸ್ಕನ್ನು ಬಿಡುತ್ತಿರಲಿಲ್ಲ. ಹಾಗೆಂದರೆ ನಾನು ಓಡಿಸಿದ ಪ್ರತಿ ಕಿಲೋಮೀಟರನ್ನೂ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ಓಡಿಸಿದಂತೆ.

ಇದಕ್ಕೆ ಯಾವ ಸ್ಕ್ಯಾನರೂ ಬೇಕಿಲ್ಲ, ಮತ್ತು ಯಾವ ಸ್ಕ್ಯಾನರೂ ಇದನ್ನು ಹೇಳುವುದಿಲ್ಲ. ಇಂಜಿನ್ನಿನ ಕಂಪ್ಯೂಟರಿಗೆ ಬ್ರೇಕ್ ಉಜ್ಜುವುದೂ ಗುಡ್ಡ ಹತ್ತುವುದೂ ಒಂದೇ. ಹೊರೆ ಹೆಚ್ಚಾಗಿದೆ, ಪೆಟ್ರೋಲ್ ಹೆಚ್ಚು ಕೊಡು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಇದನ್ನು ಮನೆಯಲ್ಲಿಯೂ ನೋಡಿಕೊಳ್ಳಬಹುದು. ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ಎಡ ಬಲ ಚಕ್ರಗಳ ರಿಮ್ಮಿನ ಹತ್ತಿರ ಮುಂಗೈ ಹಿಡಿದರೆ ಯಾವುದು ಹೆಚ್ಚು ಕಾದಿದೆ ಎಂಬುದು ಗೊತ್ತಾಗುತ್ತದೆ. ಡಿಸ್ಕನ್ನು ಮುಟ್ಟಬಾರದು, ಸುಡುತ್ತದೆ.

ಸಾಮಾನ್ಯ ಗ್ಯಾರೇಜಿನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದೋಷ ಸಿಕ್ಕಿತು, ಪ್ಯಾಡ್ ಹಾಕಿ ಕಳಿಸಿ. ಇಲ್ಲಿ ಮುಗಿಯಲಿಲ್ಲ. ಕಾರಿನ ಕಂಪ್ಯೂಟರು ಹೇಳುವುದನ್ನು ಓದಲೆಂದು ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರು. 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಒಬಿಡಿ 2 ಕಡ್ಡಾಯವಾಗಿರುವುದರಿಂದ, ಯಾವುದೇ ಕಂಪನಿಯ ಕಾರಾದರೂ ಇಂಜಿನ್ನಿನ ಮುಖ್ಯ ಅಂಕಿಗಳನ್ನು ಸಾಧಾರಣ ಸ್ಕ್ಯಾನರಿನಲ್ಲೂ ಓದಬಹುದು. ಹೆಚ್ಚಿನವರು ಸ್ಕ್ಯಾನರನ್ನು ದೋಷದ ಕೋಡ್ ಇದೆಯೇ ಇಲ್ಲವೇ ಎಂದು ನೋಡುವುದಕ್ಕಷ್ಟೇ ಬಳಸುತ್ತಾರೆ. ಕೋಡ್ ಇಲ್ಲವೆಂದರೆ ಕಾರು ಸರಿಯಾಗಿದೆ ಎಂದು ಮುಚ್ಚಿಬಿಡುತ್ತಾರೆ. ನನ್ನ ಕಾರಿನಲ್ಲಿ ಕೋಡ್ ಇರಲಿಲ್ಲ. ಮೇಸ್ತ್ರಿಗಳ ಮಗ ನೋಡಿದ್ದು ಓಡುವ ಅಂಕಿಗಳನ್ನು, ಅದರಲ್ಲೂ ಫ್ಯೂಯೆಲ್ ಟ್ರಿಮ್ ಎಂಬುದನ್ನು. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಕಂಪ್ಯೂಟರು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಪೆಟ್ರೋಲ್ ಕೊಡುತ್ತಿದೆ ಎಂಬುದರ ಶೇಕಡಾವಾರು ಅದು. ಸೊನ್ನೆಯ ಆಚೀಚೆ ಇದ್ದರೆ ಚೆನ್ನ. 10ನ್ನು ದಾಟಿದರೆ ಎಲ್ಲೋ ಗಾಳಿ ಸೋರುತ್ತಿದೆ, ಇಂಜೆಕ್ಟರ್ ಸೋರುತ್ತಿದೆ, ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಹುಡುಕಬೇಕು. ನನ್ನ ಕಾರಿನದು ಪ್ಲಸ್ 5ರ ಹತ್ತಿರವಿತ್ತು. ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಪಾಲು ಸಾಕು. ಆದ್ದರಿಂದ ಇ20 ಕುಡಿದ ಹಳೆಯ ಕಾರು ಅಷ್ಟು ಹೆಚ್ಚಿಗೆ ಪೆಟ್ರೋಲ್ ಕೇಳುವುದು ಸಹಜ. ಹೀಗೆ ಆ ಒಂದು ಅಂಕಿಯಿಂದ ಎರಡು ವಿಷಯ ತಿಳಿದವು: ಎಥೆನಾಲಿನ ಪಾಲು ಇಷ್ಟೇ, ಮತ್ತು ಹಿಂದಿನ ವರ್ಕ್‌ಶಾಪಿನವರು ಬದಲಿಸಲು ಹೊರಟಿದ್ದ ಆಕ್ಸಿಜನ್ ಸೆನ್ಸರ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದೆ.

ಆದರೂ ಅವರಿಗೆ ಇನ್ನೊಂದು ಅಂಕಿ ಒಪ್ಪಿಗೆಯಾಗಲಿಲ್ಲ. ಇಂಜಿನ್ನಿನ ಶಾಖವನ್ನು ರೇಡಿಯೇಟರಿಗೆ ಒಯ್ಯುವ ಕೂಲೆಂಟ್ ದ್ರವದ ಉಷ್ಣತೆ. ಕಾರು ನಿಂತಲ್ಲೇ ಓಡುತ್ತಿದ್ದಾಗ ಅದು ತೀರಾ ಮೆಲ್ಲಗೆ ಏರುತ್ತಿತ್ತು. ರಸ್ತೆಯಲ್ಲಿ ನೋಡೋಣವೆಂದು ಎನ್‌ಎಚ್ 48 ಹಿಡಿದು ಚಿತ್ರದುರ್ಗದ ದಿಕ್ಕಿನಲ್ಲಿ ಹೆಬ್ಬಾಳು ಟೋಲ್ ಹತ್ತಿರದವರೆಗೆ ಹೋಗಿ ಹಿಂತಿರುಗಿದೆವು. 80ರ ವೇಗದಲ್ಲಿ ಸಮನಾಗಿ ಹೋಗುತ್ತಿರುವಾಗ 85ರಿಂದ 95 ಡಿಗ್ರಿಯ ನಡುವೆ ಇರಬೇಕಾದ ಕೂಲೆಂಟು 68ಕ್ಕೆ ಇಳಿದು ಅಲ್ಲಿಯೇ ಕೂತುಬಿಟ್ಟಿತು. ಇಂಜಿನ್ ಎಂದೂ ಪೂರ್ತಿ ಕಾಯುತ್ತಲೇ ಇರಲಿಲ್ಲ. ಕಾಯದ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆಯಿಲ್ ದಪ್ಪಗೇ ಇರುತ್ತದೆ, ಕಂಪ್ಯೂಟರು ಇನ್ನೂ ಚಳಿಯಿದೆ ಎಂದು ಭಾವಿಸಿ ಹೆಚ್ಚಿಗೆ ಇಂಧನ ಸುರಿಯುತ್ತದೆ. ಊರೊಳಗಿನ ಚಿಕ್ಕ ಓಡಾಟದಲ್ಲಂತೂ ಈ ನಷ್ಟ ಬಹಳ ದೊಡ್ಡದು. ನನಗೆ ಇದು ಕಾಣದಿದ್ದುದಕ್ಕೆ ಕಾರಿನ ರಚನೆಯೇ ಕಾರಣ. ಈಗಿನ ಅನೇಕ ಚಿಕ್ಕ ಕಾರುಗಳಲ್ಲಿ ಉಷ್ಣತೆಯ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಅತಿಯಾಗಿ ಕಾದರೆ ಕೆಂಪು ದೀಪ, ಅಷ್ಟೇ. ಆ ನೀಲಿ ದೀಪ ಇಂಜಿನ್ ಪೂರ್ತಿ ಕಾಯುವುದಕ್ಕೆ ಬಹಳ ಮೊದಲೇ ಆರಿಹೋಗುತ್ತದೆ.

ರಸ್ತೆ ಪರೀಕ್ಷೆಯನ್ನು ಹೋಗುವಾಗ, ಬರುವಾಗ ಎರಡೂ ದಿಕ್ಕಿನಲ್ಲಿ ಮಾಡಿದ್ದನ್ನು ವಿಶೇಷವಾಗಿ ಹೇಳಬೇಕು. ನಮ್ಮ ಭಾಗದ ಗಾಳಿ ಏನೆಂಬುದಕ್ಕೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ ದುರ್ಗಕ್ಕೆ ಹೋಗುವಾಗ ಬೆನ್ನಿಗೆ, ದಾವಣಗೆರೆಗೆ ಮರಳುವಾಗ ಎದುರಿಗೆ. ಅದರ ಮೇಲೆ ದುರ್ಗ ನಮಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಹೋಗುವಾಗ ಏರು, ಬರುವಾಗ ಇಳಿಜಾರು. ಇವು ಒಂದನ್ನೊಂದು ಕೆಲವೊಮ್ಮೆ ಸರಿದೂಗಿಸುತ್ತವೆ, ಕೆಲವೊಮ್ಮೆ ಇಲ್ಲ. ಒಂದೇ ದಿಕ್ಕಿನಲ್ಲಿ ಓಡಿಸಿ ಡಿಸ್‌ಪ್ಲೇಯ ಅಂಕಿ ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಅರ್ಥವಿಲ್ಲದ್ದು. ಇದೇ ಸಂದರ್ಭದಲ್ಲಿ ಮೇಸ್ತ್ರಿಗಳು ಇನ್ನೊಂದು ಮಾತು ಸೇರಿಸಿದರು, ಅದು ಹೆದ್ದಾರಿ ಆರು ಪಥವಾದ ಮೇಲೆ ಮೈಲೇಜ್ ಬಿದ್ದಿದೆ ಎಂದು ಬರುವವರ ಕುರಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟನ್ನು ಮೀರುತ್ತದೆ. ರಸ್ತೆ ಅಗಲವಾಯಿತು, ಕಾಲು ಭಾರವಾಯಿತು, ಬೈಗುಳ ಮಾತ್ರ ಬಂಕಿನವನಿಗೆ.

ಕೂಲೆಂಟಿನ ಗುಟ್ಟು ಥರ್ಮೋಸ್ಟಾಟ್ ಮನೆಯನ್ನು ಬಿಚ್ಚಿದಾಗ ರಟ್ಟಾಯಿತು. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಕಾದ ಮೇಲೆ ತೆರೆಯುವ ಆ ಚಿಕ್ಕ ಕವಾಟ ಕೆಟ್ಟಿರಬಹುದು, ತೆರೆದೇ ಕಚ್ಚಿಕೊಂಡಿರಬಹುದು ಎಂದು ನಾವು ಊಹಿಸಿದ್ದೆವು. ಎರಡು ಬೋಲ್ಟು ತೆಗೆದು ಮುಚ್ಚಳ ಎತ್ತಿದರೆ ಒಳಗೆ ಏನೂ ಇರಲಿಲ್ಲ. ‘ಇಲ್ಲಿ ಥರ್ಮೋಸ್ಟಾಟೇ ಇಲ್ರೀ ಸಾರ್’ ಎಂದು ಮೇಸ್ತ್ರಿಗಳ ಮಗ ಟಾರ್ಚು ಹಿಡಿದು ತೋರಿಸಿದ. ಆ ಬೇಸಿಗೆಯಲ್ಲಿ ರೇಡಿಯೇಟರಿನ ಪೈಪು ಒಡೆದು, ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ದುರಸ್ತಿಯಾಗಿತ್ತು. ಇಂಜಿನ್ ಇನ್ನು ಮುಂದೆ ಕಾಯದಿರಲೆಂದು ಅಲ್ಲಿಯವರು ಅದನ್ನು ಕಿತ್ತುಹಾಕಿದ್ದರು. ಹಾಗೆ ಮಾಡಿದ್ದೇವೆಂದು ಹೇಳಿರಲಿಲ್ಲ. ಅಂಬಾಸಡರ್ ಕಾಲದಿಂದ ಬಂದ ಈ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ, ಮತ್ತು ಅದನ್ನು ಮಾಡುವವರು ಉಪಕಾರ ಮಾಡಿದೆವೆಂದೇ ನಂಬಿರುತ್ತಾರೆ. ಕಂಪ್ಯೂಟರಿಲ್ಲದ ಹಳೆಯ ಕಾರ್ಬ್ಯುರೇಟರಿನ ಗಾಡಿಗೆ ಅದು ಹೇಗೋ ನಡೆಯುತ್ತಿತ್ತು. ಉಷ್ಣತೆ ನೋಡಿ ಪೆಟ್ರೋಲ್ ಅಳೆಯುವ ಇಂದಿನ ಇಂಜಿನ್ನಿಗೆ ಅದು ನಿತ್ಯದ ದಂಡ. ಇಂಥ ಸ್ಥಿತಿಯಲ್ಲಿ ಅನೇಕ ಕಾರುಗಳು ಇಂಜಿನ್ ಸಾಕಷ್ಟು ಕಾಯುತ್ತಿಲ್ಲ ಎನ್ನುವ ಪಿ 0128 ಕೋಡ್ ತೋರಿಸುತ್ತವೆ, ನನ್ನದು ತೋರಿಸಲಿಲ್ಲ.

ಹೊಸ ಥರ್ಮೋಸ್ಟಾಟ್ ತಂದ ಮೇಲೂ ಅದನ್ನು ನೇರವಾಗಿ ಕೂರಿಸಲಿಲ್ಲ. ಚಹಾ ಕಾಯಿಸುವ ಒಲೆಯ ಮೇಲೆ ಸ್ಟೀಲಿನ ಪಾತ್ರೆಯಲ್ಲಿ ನೀರಿಟ್ಟು, ಕವಾಟದ ಬಾಯಿಯನ್ನು ಚೂರು ತೆರೆದು ಅದರೊಳಗೆ ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ಥರ್ಮೋಸ್ಟಾಟನ್ನು ನೀರಿನಲ್ಲಿ ಇಳಿಬಿಟ್ಟರು. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಥರ್ಮೋಸ್ಟಾಟಿನ ಅಂಚಿನಲ್ಲಿ ಅದು ತೆರೆಯಬೇಕಾದ ಡಿಗ್ರಿ 82 ಎಂದು ಅಚ್ಚೊತ್ತಿತ್ತು. ನೀರು 70 ದಾಟಿತು, 75 ದಾಟಿತು, ದಾರ ಬಿಗಿಯಾಗಿಯೇ ಇತ್ತು. 80 ದಾಟಿ ಸ್ವಲ್ಪದರಲ್ಲಿ ಕವಾಟ ಬಾಯ್ತೆರೆದು ದಾರವನ್ನು ಬಿಟ್ಟಿತು, ಥರ್ಮೋಸ್ಟಾಟ್ ಠಣ್ಣೆಂದು ಪಾತ್ರೆಯ ತಳಕ್ಕೆ ಬಿತ್ತು. ಹೊಸದಾಗಿ ಕೊಂಡ ಮಾಲಿನಲ್ಲೂ ಕೆಟ್ಟದ್ದು ಬಂದಿದ್ದನ್ನು ನೋಡಿದ್ದೇವೆ, ಹಾಕಿ ಬಿಚ್ಚುವುದಕ್ಕಿಂತ ಕುದಿಸಿ ನೋಡುವುದು ಸುಲಭ ಎಂಬುದು ಅವರ ವಾದ. ಬಿಲ್ಲಿನಲ್ಲಿ ಈ ಕೆಲಸಕ್ಕೆ ಹಣ ಹಾಕಿರಲಿಲ್ಲ.

ಅವರು ಮಾಡಲೊಪ್ಪದ ಕೆಲಸಗಳನ್ನೂ ಹೇಳದೆ ವಿಮರ್ಶೆ ಪೂರ್ತಿಯಾಗದು. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬ ನಂಬಿಕೆಯನ್ನು ಅವರು ಒಪ್ಪುವುದಿಲ್ಲ, ಮತ್ತು ಅದು ಸರಿಯೇ. ಕಾರ್ಬ್ಯುರೇಟರ್ ಇದ್ದಾಗ ಧೂಳು ತುಂಬಿದ ಫಿಲ್ಟರ್ ಪೆಟ್ರೋಲ್ ಹೆಚ್ಚಿಸುತ್ತಿತ್ತು. ಈಗ ಕಂಪ್ಯೂಟರು ಬಂದಷ್ಟೇ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುವುದರಿಂದ ಎಳೆತ ಕಡಿಮೆಯಾಗಬಹುದೇ ಹೊರತು ಮೈಲೇಜ್ ಹೆಚ್ಚು ಕೆಡುವುದಿಲ್ಲ. ಇಂಜಿನ್ ಸವೆಯದಂತೆ ಫಿಲ್ಟರ್ ಬದಲಿಸಬೇಕು, ಅದು ಬೇರೆ ಮಾತು. ಬಂಕುಗಳಲ್ಲಿ ಕೈಗೆ ತುರುಕುವ ಪುಟ್ಟ ಬಾಟಲಿಗಳ ಅಡಿಟಿವ್ ಬಗ್ಗೆ ಕೇಳಿದ್ದಕ್ಕೆ ಅವರು ಉತ್ತರಿಸಲೂ ಇಲ್ಲ.

ಫಲಿತಾಂಶ ಹೀಗಿದೆ. ಮೊದಲು ಬ್ರೇಕ್ ಕೆಲಸವನ್ನಷ್ಟೇ ಮಾಡಿ, ಒಂದು ಟ್ಯಾಂಕು ಓಡಿಸಿಕೊಂಡು ಬನ್ನಿ ಎಂದು ಕಳಿಸಿದ್ದರು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಎಂಬುದು ತಿಳಿಯುವುದಿಲ್ಲವಲ್ಲ. ಬ್ರೇಕ್ ಸರಿಯಾದ ಮೇಲೆ 13 ಇದ್ದದ್ದು ಹದಿನೈದೂವರೆಯ ಹತ್ತಿರ ಬಂತು. ಥರ್ಮೋಸ್ಟಾಟ್ ಕೂರಿಸಿ ಹೊಸ ಕೂಲೆಂಟ್ ಹಾಕಿದ ಮೇಲೆ 17ರ ಹತ್ತಿರ ನಿಂತಿತು. ಉಳಿದ ಒಂದು ಕಿಲೋಮೀಟರು ಎಥೆನಾಲಿನ ಖಾತೆಗೆ ಹೋಗುತ್ತದೆ ಎಂದು ನಾನೂ ಒಪ್ಪಿದ್ದೇನೆ. ಎರಡೂ ಬದಿಯ ಪ್ಯಾಡು, ಪಿನ್ನು ಮತ್ತು ಬೂಟಿನ ಕಿಟ್ಟು, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಕೂಲೆಂಟ್, ಕೂಲಿ, ಚೆಕಿಂಗ್ ಎಲ್ಲ ಸೇರಿ 5,000 ರೂಪಾಯಿಯ ಒಳಗೆ ಮುಗಿಯಿತು. ಹಿಂದಿನ ವರ್ಕ್‌ಶಾಪಿನಲ್ಲಿ ಏನೂ ಸುಧಾರಿಸದ ಕೆಲಸಕ್ಕೆ ಕೊಟ್ಟದ್ದು ಇದಕ್ಕಿಂತ ಹೆಚ್ಚು.

ಕೊರತೆಗಳು ಇಲ್ಲವೆಂದಲ್ಲ. ಮೊದಲನೆಯದಾಗಿ, ಸಮಯ. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟ್ಯಾಂಕು ಖಾಲಿ ಮಾಡಿಕೊಂಡು ಮತ್ತೆ ಬರಬೇಕು, ನಡುವೆ ಸರದಿ ಕಾಯಬೇಕು, ದಿನನಿತ್ಯ ಕಾರನ್ನೇ ನೆಚ್ಚಿದವರಿಗೆ ಇದು ಕಷ್ಟ. ಕೂರಲು ಒಂದು ಹಳೆಯ ಕಾರಿನ ಸೀಟು ಬಿಟ್ಟರೆ ಬೇರೆ ವ್ಯವಸ್ಥೆಯಿಲ್ಲ. ಕೇಳದಿದ್ದರೆ ಬಿಲ್ಲು ಕೊಡುವುದಿಲ್ಲ. ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ, ಬಿಡಿಭಾಗದ ಅಂಗಡಿಯ ಬಿಲ್ಲನ್ನು ಮಾತ್ರ ತಪ್ಪದೆ ಜೊತೆಗಿಡುತ್ತಾರೆ. ವೀಲ್ ಅಲೈನ್‌ಮೆಂಟ್ ಯಂತ್ರ ಅವರಲ್ಲಿಲ್ಲ, ಟಯರ್ ಅಂಗಡಿಗೆ ಕಳಿಸುತ್ತಾರೆ. ಡೀಸೆಲ್ ಕಾರಿನ ಇಂಜೆಕ್ಟರ್ ಪರೀಕ್ಷೆಯೂ ಅಲ್ಲಿ ಆಗುವುದಿಲ್ಲ. ಡೀಸೆಲ್ ಗಾಡಿಯವರು ಹಾಗಾಗಿ ಪಂಪ್ ಕೆಲಸ ಮಾಡುವವರ ಬಳಿಗೇ ಹೋಗುವುದು ಒಳ್ಳೆಯದು.

ಒಂದು ವಿಷಯದಲ್ಲಿ ನನಗೆ ಅವರೊಡನೆ ಒಪ್ಪಿಗೆಯೂ ಇಲ್ಲ. ಮೈಲೇಜಿಗಾಗಿ ಟಯರಿಗೆ ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ಹಾಕಿಸಿಕೊಳ್ಳಿ ಎಂದು ಮೇಸ್ತ್ರಿಗಳು ಎಲ್ಲರಿಗೂ ಹೇಳುತ್ತಾರೆ. ಉರುಳುವ ತಡೆ ಕಡಿಮೆಯಾಗುವುದು ನಿಜವೇ. ಆದರೆ ಟಯರಿನ ನಡುಭಾಗ ಮೊದಲು ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ತಗ್ಗುತ್ತದೆ, ನಮ್ಮೂರ ಒಳರಸ್ತೆಗಳ ಗುಂಡಿಗಳಲ್ಲಿ ಸಸ್ಪೆನ್ಷನ್ನಿಗೂ ಬೆನ್ನಿಗೂ ಪೆಟ್ಟು ಹೆಚ್ಚು. ಡ್ರೈವರ್ ಬಾಗಿಲಿನ ಒಳಅಂಚಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೇ ನಾನು ಹಾಕಿಸುತ್ತೇನೆ, ಅದೂ ಟಯರ್ ತಣ್ಣಗಿರುವಾಗ. ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ಮನುಷ್ಯರು ಈ ಒಂದರಲ್ಲಿ ಮಾತ್ರ ಕೈಯಳತೆಗೆ ಬಿದ್ದದ್ದು ವಿಚಿತ್ರವೆನಿಸಿತು.

ಹೋಗಬೇಕೆನ್ನುವವರು ಟ್ಯಾಂಕ್ ಫುಲ್ ಮಾಡಿಸಿದ ಬಿಲ್ಲುಗಳನ್ನು ಕಿಲೋಮೀಟರ್ ಬರೆದು ಜೊತೆಗೆ ಒಯ್ದರೆ ಒಂದು ಸುತ್ತಿನ ಓಡಾಟ ಉಳಿಯುತ್ತದೆ. ಕಳೆದ ಒಂದೆರಡು ವರ್ಷದಲ್ಲಿ ಕಾರಿಗೆ ಏನೇನು ಕೆಲಸ ಆಗಿದೆ, ಟಯರ್ ಯಾವ ಅಳತೆಯದು, ಎಲ್ಲಿ ದುರಸ್ತಿಯಾಗಿದೆ ಎಂಬುದನ್ನೂ ನೆನಪಿಟ್ಟುಕೊಂಡು ಹೋಗಬೇಕು, ಏಕೆಂದರೆ ಅವರು ಅದನ್ನೆಲ್ಲ ಕೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಬಾಗಿಲು ಮುಚ್ಚಿರುತ್ತದೆ, ಅದಕ್ಕೆ ಮುಂಚಿನ ವಾರಗಳಲ್ಲಿ ಊರಿನ ಅರ್ಧ ಕಾರುಗಳು ಅಲ್ಲಿಯೇ ನಿಂತಿರುತ್ತವೆ. ಉಳಿದಂತೆ ಫೋನಿನಲ್ಲಿ ಸರದಿ ಹೇಳಿಕೊಂಡೇ ಹೋಗಬೇಕು. ರಸ್ತೆ ಪರೀಕ್ಷೆಗೆ ನೀವೂ ಜೊತೆಗೆ ಬರುತ್ತೀರಾ ಎಂದು ಕೇಳುತ್ತಾರೆ. ಹೋಗಿ, ಸ್ಕ್ಯಾನರಿನ ಪರದೆ ಕಾಣುವ ಹಾಗೆ ಮುಂದಿನ ಸೀಟಿನಲ್ಲೇ ಕೂತುಕೊಳ್ಳಿ.